ತಿರುಪತಿಯಿಂದ ಒಂದು ಗಂಟೆ ಚಿಲ್ಲರೆ

2024ರ ಮಳೆಗಾಲ. ಶಿವಮೊಗ್ಗದಲ್ಲಿ ವಿಮಾನ ಇಳಿಯತೊಡಗಿ ವರ್ಷ ದಾಟಿತ್ತು. ಕಡೂರು ಸ್ಟೇಷನ್ ಎದುರು ಬಸ್ಸಿಗೆ ಜನರನ್ನು ಕೂಗಿ ಕರೆಯುತ್ತ ವ್ಯಾಪಾರ ಕಲಿತ ನಾನು, ಆಗ ತರೀಕೆರೆಯಲ್ಲಿ ಸ್ವಂತ ಟ್ರಾವೆಲ್ಸ್ ನಡೆಸುತ್ತಿದ್ದೆ.

ಒಂದು ಬೆಳಿಗ್ಗೆ ಅಜ್ಜಂಪುರದ ಮಂಜುನಾಥ ಬಂದ. ತರೀಕೆರೆಯ ತವರಿಗೆ ಬಂದಿದ್ದ ಅವನ ತಾಯಿ ನಸುಕಿನಲ್ಲಿ ತೀರಿಕೊಂಡಿದ್ದರು. ಅವನ ತಂಗಿ ಶಶಿಕಲಾ ಇರುವುದು ತಿರುಪತಿಯಲ್ಲಿ. ಅವರ ಮನೆತನದಲ್ಲಿ ಹೊತ್ತು ಮುಳುಗುವ ಮೊದಲೇ ಮಣ್ಣಾಗಬೇಕು, ಅದೂ ಅಜ್ಜಂಪುರದ ಸ್ವಂತ ಹೊಲದಲ್ಲಿ.

"ಅಣ್ಣ, ಇವತ್ತು ವಿಮಾನ ಐತಂತೆ. ಒಂದು ಗಂಟೆ ಚಿಲ್ರೆ ಅಷ್ಟೇ. ಊಟದ ಹೊತ್ಗೆ ಬಂದ್ಬಿಡ್ತಾಳೆ ಅಂತ ದೊಡ್ಡಪ್ಪಂಗೆ ಹೇಳಿವ್ನಿ."

ಸೀಟು ಬುಕ್ ಮಾಡಿದೆ. ಆದರೆ ಅವನ ಲೆಕ್ಕ ತಪ್ಪಿತ್ತು. ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಅಳತೆಯಲ್ಲಿ ನಾನೂರು ಕಿಲೋಮೀಟರಿಗೆ ತುಸು ಹೆಚ್ಚು. ಒಂದು ಗಂಟೆ ಚಿಲ್ಲರೆ ಎಂಬುದು ವಿಮಾನ ಗಾಳಿಯಲ್ಲಿರುವ ಹೊತ್ತು ಮಾತ್ರ. ಕೈ ಅಡ್ಡ ಹಾಕಿ ಬಸ್ಸು ಹತ್ತುವ ನಮ್ಮ ಕಡೆಯವರು ಅದನ್ನೇ ಇಡೀ ಪ್ರಯಾಣ ಅಂದುಕೊಳ್ಳುತ್ತಾರೆ. ಹೊರಡುವುದಕ್ಕೆ ಬಹಳ ಮುಂಚೆಯೇ ಹೋಗಿ ಚೆಕ್-ಇನ್ ಮಾಡಿಸಿ ಕಾಯಬೇಕು. ಇಳಿದ ಮೇಲೆ ಭದ್ರಾವತಿ ದಾಟಿ ತರೀಕೆರೆ, ಅಲ್ಲಿಂದ ಅಜ್ಜಂಪುರ. ಮೇಲೆ ಮಳೆಗಾಲದ ಮೋಡ.

ನನ್ನ ಕಾರನ್ನು ಶಿವಮೊಗ್ಗಕ್ಕೆ ಕಳಿಸಿ ಸಾವಿನ ಮನೆಗೆ ಹೋದೆ. ದೊಡ್ಡಪ್ಪ ಚನ್ನಬಸಪ್ಪನವರು ಆಗಲೇ ಅವಸರದಲ್ಲಿದ್ದರು.

"ಊರಲ್ಲಿ ಗುಂಡಿ ತೆಗ್ಸಾಗೈತೆ, ಮಠದಯ್ನೋರು ಬಂದು ಕುಂತವ್ರೆ. ಊರಿಗೇ ಹೋಗಿ ಕಾಯಾನ, ನಡೀರಿ."

ಅಜ್ಜಂಪುರಕ್ಕೆ ಹೋದರೆ ಯಾರೂ ಕಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲಿ ಅವರದೇ ಮಾತು. ಇಲ್ಲಿ ತವರಿನವರ ಮಾತು ನಡೆಯುತ್ತದೆ: ತವರಿನ ಸೀರೆ ಹೊದಿಸದೆ ಹೆಣ್ಣುಮಗಳ ದೇಹ ಎತ್ತುವಂತಿಲ್ಲ. ತೀರಿಕೊಂಡವರ ತಮ್ಮ ರುದ್ರಣ್ಣನನ್ನು ಪಕ್ಕಕ್ಕೆ ಕರೆದೆ.

"ಸೀರೆ ನಿಮ್ ಕೈಲಿರಗಂಟ ಯಾರೂ ಎತ್ತಂಗಿಲ್ಲ ಕಣ್ರೀ."

ರುದ್ರಣ್ಣ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತ. ಮಧ್ಯಾಹ್ನ ದಾಟಿತು.

"ಏನಪ್ಪಾ ರುದ್ರಣ್ಣ, ಸೀರೆ ಇನ್ನೂ ನೇಯ್ತಾ ಇದ್ದೀಯೇನು?" ಎಂದರು ಚನ್ನಬಸಪ್ಪ.

"ನೇಯ್ತಿದ್ದೀನಿ ಅಂದ್ಕಳಿ ಭಾವ. ಅಕ್ಕನ ಮಗಳು ಬರ್ಲಿ."

ಅಷ್ಟರಲ್ಲಿ ಡ್ರೈವರ್ ಫೋನ್ ಮಾಡಿದ. ಮೋಡದಿಂದ ವಿಮಾನ ಇಳಿಯಲಾಗದೆ ಮೇಲೆಯೇ ಸುತ್ತುತ್ತಿತ್ತು. ನಾನು ಚನ್ನಬಸಪ್ಪನವರ ಜೊತೆ ಚೌಕಾಸಿಗೆ ಕೂತೆ. ಅವರು ಈಗಲೇ ಅಂದರು, ನಾನು ಸಂಜೆ ಅಂದೆ. ಕೊನೆಗೆ ಎದುರಿನ ಸ್ಕೂಲು ಬಿಡುವವರೆಗೆ ಎಂದು ಒಪ್ಪಂದವಾಯಿತು.

ವಿಮಾನ ಇಳಿಯಿತು, ಕಾರು ಭದ್ರಾವತಿ ದಾಟಿತು ಎಂಬ ಸುದ್ದಿಯ ಹಿಂದೆಯೇ ಸ್ಕೂಲಿನ ಗಂಟೆ ಹೊಡೆಯಿತು. ಮಕ್ಕಳು ಗುಂಪಾಗಿ ಹೋದರು, ರಸ್ತೆ ಖಾಲಿಯಾಯಿತು. ಮಾತು ಕೊಟ್ಟವನು ನಾನು. ರುದ್ರಣ್ಣನಿಗೆ ಎದ್ದೇಳಲು ಸನ್ನೆ ಮಾಡಿದೆ. ಚನ್ನಬಸಪ್ಪನವರು ಅಲುಗಲಿಲ್ಲ. ಖಾಲಿ ರಸ್ತೆ ನೋಡುತ್ತ, "ಕೂತ್ಕಳಪ್ಪ. ಸ್ಕೂಲು ಇನ್ನೂ ಪೂರ್ತಿ ಬಿಟ್ಟಿಲ್ಲ" ಎಂದರು.

ಶಶಿಕಲಾ ಬಂದಳು. ಸೀರೆಯ ಒಂದು ತುದಿ ಮಾವ ಹಿಡಿದ, ಇನ್ನೊಂದು ತುದಿ ಅವಳು. ಅಜ್ಜಂಪುರದಲ್ಲಿ ಮಣ್ಣಾದಾಗ ಇನ್ನೂ ತುಸು ಬೆಳಕಿತ್ತು.

ಈಗ ವಿಮಾನದ ಹೊತ್ತು ಕೇಳಿದವರಿಗೆ ಮನೆಬಾಗಿಲಿಂದ ಮನೆಬಾಗಿಲಿಗೆ ಲೆಕ್ಕ ಹಾಕಿ ಹೇಳುತ್ತೇನೆ. ಸಾವಿನ ಮನೆಯವರಾದರೆ ಇನ್ನೊಂದು ಮಾತು ಸೇರಿಸುತ್ತೇನೆ: ದಾರಿಯಲ್ಲಿರುವವರಿಗೆ ಬೇಗ ಬಾ ಎಂದು ಮತ್ತೆ ಮತ್ತೆ ಫೋನ್ ಮಾಡಬೇಡಿ. ಅವರ ಕೈಯಲ್ಲಿ ಏನೂ ಇರುವುದಿಲ್ಲ. ಇಲ್ಲಿ ಕೂತಿರುವ ಹಿರಿಯರ ಪಕ್ಕ ಹೋಗಿ ಕೂತುಕೊಳ್ಳಿ.