ಭಾವನ ಇಪ್ಪತ್ತೊಂದನೇ ಸಂಕಷ್ಟಿ

ಹಸಿದವರ ಪಕ್ಕ ಕೂತು ಉಣ್ಣುವುದು ಎಂಥ ಹಿಂಸೆ ಎಂದು ನನ್ನನ್ನು ಕೇಳಿ. ಹೊಸಹಳ್ಳಿಯ ಅಡುಗೆ ಕಂಟ್ರಾಕ್ಟರ್ ಚನ್ನಕೇಶವ ನನ್ನ ಭಾವ, ಅಕ್ಕ ಕುಸುಮಾಳ ಗಂಡ. ಸಾವಿರ ಜನಕ್ಕೆ ಮುದ್ದೆ, ಬಸ್ಸಾರು ಮಾಡಿ ಬಡಿಸುವ ಈ ಮಹಾಶಯರಿಗೆ ಒಂದು ಜ್ವರ ಬಂದುಹೋದ ಮೇಲೆ ನಾಲಿಗೆಗೆ ರುಚಿಯೇ ಹತ್ತುತ್ತಿರಲಿಲ್ಲ. ಉಪ್ಪು, ಖಾರ ನೋಡುವವನು ನಾನು, ಹೆಸರು ಅವರದು. ಈ ಗುಟ್ಟು ನಮ್ಮ ಮೂವರನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಡಾಕ್ಟರು ಕೈಚೆಲ್ಲಿದ ಮೇಲೆ ಭಾವ ಗಣಪತಿಗೆ ಹರಕೆ ಹೊತ್ತರು. ಇಪ್ಪತ್ತೊಂದು ಸಂಕಷ್ಟಿ, ಅವತ್ತು ಚಂದ್ರನನ್ನು ನೋಡುವ ತನಕ ಒಂದಗುಳೂ ಬಾಯಿಗಿಡುವಂತಿಲ್ಲ. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಶುರು. ಇಪ್ಪತ್ತು ಮುಗಿದಿದ್ದವು. ಕೊನೆಯದು ಬಂದದ್ದು ಸರಿಯಾಗಿ ನಾವು ಮದುವೆ ಅಡುಗೆಗೆಂದು ಲಂಡನ್ನಿಗೆ ಹೊರಟ ಜೂನ್ ತಿಂಗಳ ದಿನ.

"ಎಂಟು ಸಾವಿರ ಕಿಲೋಮೀಟರ್, ಹತ್ತೂವರೆ ಗಂಟೆ. ಮಧ್ಯಾಹ್ನ ಒಂದೂವರೆಗೆ ಹೊರಟ್ರೆ ರಾತ್ರಿ ಹನ್ನೆರಡಕ್ಕೆ ಇಳೀತೀವಿ. ಹತ್ತಕ್ಕೆಲ್ಲ ಚಂದ್ರ ಕಿಟಕಿ ಹತ್ರಾನೇ ಬರ್ತಾನೆ ಕಣೋ" ಎಂದು ಭಾವ ಕಿಟಕಿ ಸೀಟು ಹಿಡಿದರು. ನೂರು ಸೇರು ಅಕ್ಕಿಗೆ ಎಷ್ಟು ನೀರು ಎಂದು ನಿದ್ದೆಯಲ್ಲೂ ಹೇಳುವ ಮನುಷ್ಯ, ವಿಮಾನ ಪಶ್ಚಿಮಕ್ಕೆ ಸೂರ್ಯನ ಹಿಂದೆಯೇ ಓಡುತ್ತದೆ ಎಂಬುದನ್ನು ಮರೆತಿದ್ದರು. ನನಗೆ ಮಾತ್ರ ಏನು ಗೊತ್ತಿತ್ತು? ನಾನೂ ಹೂಂಗುಟ್ಟಿದ್ದೆ.

ಊಟದ ಟ್ರೇ ಬಂತು. ಅವರ ಪಾಲನ್ನೂ ನಾನೇ ತಿಂದೆ, ಅನ್ನ ಎಸೆಯೋಕಾಗುತ್ತಾ? ನಮ್ಮ ವಾಚಿನಲ್ಲಿ ಎಂಟಾಯಿತು, ಹತ್ತಾಯಿತು. ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲು.

"ಮಂಜುನಾಥ, ಈ ಸೂರ್ಯಂಗೆ ಮನೆಮಠ ಇಲ್ವೇನೋ?"

"ಒಂದು ಬನ್ನಾದ್ರೂ ತಿನ್ನಿ ಭಾವ. ಗಣಪತಿ ಏನೂ ಅಂದ್ಕೊಳಲ್ಲ."

"ಬಾಯ್ಮುಚ್ಕೊಂಡು ಕೂತ್ಕೋ! ಎರಡು ಟ್ರೇ ಹೊಡೆದವನು ನಂಗೆ ಶಾಸ್ತ್ರ ಹೇಳೋಕೆ ಬಂದ."

ಇಳಿದಾಗ ನಮ್ಮ ವಾಚಿನಲ್ಲಿ ಮಧ್ಯರಾತ್ರಿ, ಲಂಡನ್ನಿನಲ್ಲಿ ಸಂಜೆ ಏಳೂವರೆ, ಹೊರಗೆ ಇನ್ನೂ ಬಿಸಿಲು. ಫೋನಿನಲ್ಲಿ ಹುಡುಕಿದರೆ ಅಲ್ಲಿ ಚಂದ್ರ ಹುಟ್ಟಲು ಇನ್ನೂ ನಾಲ್ಕು ಗಂಟೆ ಬೇಕಂತೆ. ಭಾವ ಸಿಕ್ಕಿದ ಕುರ್ಚಿಯಲ್ಲಿ ಕುಸಿದರು. ಬಾಡಿದ ಆ ಮುಖ ನೋಡಲಾರದೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ.

ಅಕ್ಕ ತಾರಸಿಯ ಮೇಲಿದ್ದಳು. ಅವಳೂ ಉಂಡಿರಲಿಲ್ಲ.

"ಹರಕೆ ಹೊತ್ತಿದ್ದು ಹೊಸಹಳ್ಳೀಲಿ. ಲಂಡನ್ ಚಂದ್ರ ಯಾಕ್ರೀ ನಿಮಗೆ? ತಗೊಳ್ಳಿ, ನೋಡಿ" ಎಂದು ಫೋನನ್ನು ಆಕಾಶಕ್ಕೆ ಹಿಡಿದಳು. ನೀರಿನ ಟ್ಯಾಂಕಿನ ಮೇಲೆ ಚಂದ್ರ! ಭಾವ ಚಪ್ಪಲಿ ಬಿಟ್ಟು, ಎದ್ದು ನಿಂತು ಫೋನಿಗೆ ಕೈಮುಗಿದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬ್ಯಾಗು ಎತ್ತಿಕೊಂಡು ದೂರ ಹೋಗಿ ಕೂತಳು.

ಅಕ್ಕ ಕಟ್ಟಿಕೊಟ್ಟಿದ್ದ ಅವಲಕ್ಕಿಯ ಡಬ್ಬಿ ತೆಗೆದು ಭಾವ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು.

"ಏನೇ ಇದು? ಉಪ್ಪು ಎರಡೆರಡು ಸಲ ಸುರಿದಿದೀಯಲ್ಲೇ! ಮನುಷ್ಯರು ತಿನ್ನೋದಾ ಇದನ್ನ?"

ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ನಿಜ, ಉಪ್ಪೋ ಉಪ್ಪು. ಫೋನಿನಲ್ಲಿ ಚಂದ್ರ ಗಡಗಡ ಅಲುಗಿ ಅಕ್ಕನ ಮುಖ ಬಂತು, ಕೆನ್ನೆಯೆಲ್ಲ ಒದ್ದೆ.

"ರೀ, ನನ್ನ ಅಡುಗೇನ ನೀವು ಬೈದು ಎರಡು ವರ್ಷ ಆಗಿತ್ತು" ಎಂದಳು. "ಇನ್ನೊಂದ್ಸಲ ಬೈರಿ."