ಮಗ್ಗಿ ಹೇಳಿಸಿದ ಆಪಾ

ಆಪಾ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ಅದು ಎಡಗೆನ್ನೆಯಿಂದ ಬಲಗೆನ್ನೆಗೆ ಸರಿದು ಹಲ್ಲಿನ ನಡುವೆ ಕಟಕ್ ಎಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಮಕ್ಕಳಿಗಲ್ಲ, ಅವರ ಅಪ್ಪ ಅಮ್ಮಂದಿರಿಗೆ. ಮಕ್ಕಳನ್ನು ಅವರು ಗದರಿದ್ದನ್ನು ನಾನು ಕಾಣೆ.

ಕಡೂರಿನ ಸ್ಟೇಷನ್ ಹಿಂದಿನ ಬೀದಿಯಲ್ಲಿ ಅವರ ಮನೆ. ಆಪಾ ಎಂದರೆ ಅವರ ಮನೆಮಾತಿನಲ್ಲಿ ಅಕ್ಕ. ನಮಗೆಲ್ಲ ಅದೇ ಹೆಸರಾಗಿಹೋಗಿತ್ತು. ಸಂಜೆ ಜಗುಲಿಯ ಮೇಲೆ ಚಾಪೆ ಹಾಸಿ ಪ್ರೈಮರಿ ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸುತ್ತಿದ್ದರು.

ನನ್ನ ಮಗಳಿಗೆ ಮೂರನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಹೋಮ್‌ವರ್ಕಿಗೆ ಮಾತ್ರ ದಿನಾ ವೆರಿಗುಡ್, ಯಾಕೆಂದರೆ ಬರೆಯುತ್ತಿದ್ದವಳು ನಾನು. ಲಕ್ಕವಳ್ಳಿಯ ಭದ್ರಾ ಡ್ಯಾಮನ್ನು ಥರ್ಮಾಕೋಲಿನಲ್ಲಿ ಮಾಡಿ ತರಲು ಸ್ಕೂಲಿನವರು ಹೇಳಿದಾಗ ಗೇಟುಗಳನ್ನೂ ಬಿಡದೆ ಮಾಡಿದ್ದೆ. ಅದನ್ನು ತೋರಿಸಿ ಹೊಗಳಿಸಿಕೊಳ್ಳೋಣವೆಂದು, ಆಗಷ್ಟೇ ಮಗಳನ್ನು ಸೇರಿಸಿದ್ದ ಆಪಾ ಮನೆಗೂ ಒಯ್ದೆ. ಲವಂಗ ಕಟಕ್ ಎಂದಿತು.

"ಈ ನೀರು ಎಲ್ಲಿಂದ ಬಂತಮ್ಮ?" ಎಂದು ಮಗಳನ್ನು ಕೇಳಿದರು.

"ಪೇಂಟ್ ಡಬ್ಬಿಯಿಂದ. ಅಮ್ಮ ಹಚ್ಚಿದ್ದು" ಎಂದಳು ಮಗಳು.

"ನೋಡ್ರೀ, ನಿಮಗೆ ಫಸ್ಟ್ ಕ್ಲಾಸು, ನಿಮ್ಮ ಮಗಳಿಗೆ ಸೊನ್ನೆ. ನಾಳೆಯಿಂದ ನೀವೂ ಚಾಪೆ ಮೇಲೆ ಕೂತ್ಕೊಳ್ಳಿ. ಕೈ ಕಟ್ಕೊಂಡು. ಮಗು ತಪ್ಪು ಬರೆದ್ರೆ ಬರೀಲಿ, ಬಾಯಿ ಬಿಡ್ಬೇಡಿ. ಆ ಫೋನ್ ಇಲ್ಲಿಡಿ."

ತಾಲ್ಲೂಕು ಕಚೇರಿಯಲ್ಲಿ ಹತ್ತು ಜನರನ್ನು ಕಾಯಿಸಿ ನಿಲ್ಲಿಸುವ ನಾನು, ಮಕ್ಕಳನ್ನು ಕರೆದೊಯ್ಯಲು ಬಂದ ಅಷ್ಟು ತಾಯಂದಿರ ಎದುರು ಕೈಕಟ್ಟಿ ಕೂತೆ. ಮೈಯೆಲ್ಲ ಉರಿಯಿತು. ಮನೆಗೆ ಬಂದಾಗ ಮಗಳಿಗೆ ಎರಡು ಬಿಗಿಯುವಷ್ಟು ಕೋಪವೂ ಇತ್ತು. ಅತ್ತೆ ಮನೆಯಲ್ಲಿದ್ದರು, ಹಾಗಾಗಿ ಅವಳು ಬಚಾವಾದಳು. ಆದರೆ ಆ ವರ್ಷ ಕಳೆಯುವುದರೊಳಗೆ ಅವಳು ಅಂಗಡಿ ಬೋರ್ಡುಗಳನ್ನು ಓದತೊಡಗಿದಳು.

ಮಗಳ ಪಕ್ಕ ಅದೇ ಕ್ಲಾಸಿನ ಇನ್ನೊಂದು ಹುಡುಗಿ ಕೂರುತ್ತಿದ್ದಳು. ಅವಳ ಅಪ್ಪ ಗೂಡ್ಸ್ ಆಟೊ ಓಡಿಸುತ್ತಿದ್ದ. ಒಂದು ಸಂಜೆ ಅವನು ಮಗಳನ್ನು ಕರೆದೊಯ್ಯಲು ಬಂದಾಗ ಅವಳು ಏಳರ ಮಗ್ಗಿಯ ನಡುವೆ ತೊದಲುತ್ತಿದ್ದಳು. ಮೆಟ್ಟಿಲಲ್ಲಿ ನಿಂತೇ ತಲೆಗೆ ಮೊಟಕಿದ.

"ಏನಪ್ಪಾ, ಹದಿಮೂರರ ಮಗ್ಗಿ ಹೇಳು ನೋಡಾಣ" ಎಂದರು ಆಪಾ.

ಅವನು ನಕ್ಕು ತಪ್ಪಿಸಿಕೊಳ್ಳಲು ನೋಡಿದ. ಆಪಾ ಬಿಡಲಿಲ್ಲ. ಶುರು ಮಾಡಿದ, ಅರ್ಧಕ್ಕೇ ನಿಂತ.

"ಈಗ ನಿನ್ ತಲೆಗೆ ನಾನು ಮೊಟಕ್ಲಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾವು ತಾಯಂದಿರೂ ನಕ್ಕೆವು. ಎಷ್ಟೋ ಗಂಡಸರ ಮೇಲಿನ ಸಿಟ್ಟು ಆ ನಗುವಿನಲ್ಲಿ ತೀರಿತು. ಅವನ ಮಗಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ಬೇರೆ ಯಾರನ್ನೂ ನೋಡಲಿಲ್ಲ, ಅವಳೊಬ್ಬಳನ್ನೇ ನೋಡಿದ.

ಮಾರನೆಯ ದಿನ ಅವಳು ಬರಲಿಲ್ಲ. ಬಲಗೈ ಮುರಿದಿತ್ತು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ತಾಯಿ ಎಲ್ಲರಿಗೂ ಹೇಳಿದಳು. ಆಪಾ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ವಿಚಾರಿಸಲು ಬಂದವರ ಮುಂದೆ ಮಗುವೂ ಬಿದ್ದೆ ಎಂದೇ ಹೇಳಿತು. ಕೊನೆಗೆ ಆಪಾ ತಾವೇ ಅವರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಅವನು ಬಾಗಿಲಲ್ಲೇ ನಿಂತು ಬಹಳ ಮರ್ಯಾದೆಯಿಂದ ಮಾತಾಡಿದ.

"ನೀವು ಓದಿರೋರು ಕಣ್ರೀ. ನಮ್ ಮಗೀಗೆ ಓದು ಹತ್ತಾಕಿಲ್ಲ. ಸಿಂಗಟಗೆರೆಗೆ, ಅವ್ರಜ್ಜಿ ಮನೇಗೆ ಕಳಿಸ್ಬುಟ್ಟೆ."

ಆಮೇಲೆ ಆಪಾ ಯಾವ ತಾಯಿ ತಂದೆಯನ್ನೂ ಬೈಯಲಿಲ್ಲ. ಮಕ್ಕಳ ಪುಸ್ತಕದಲ್ಲಿ ಅಮ್ಮಂದಿರ ಅಕ್ಷರ ಕಂಡರೂ "ಆಯ್ತು ಬಿಡ್ರೀ" ಎಂದು ಸುಮ್ಮನಾಗುತ್ತಿದ್ದರು. "ಆಪಾ ಸಡಿಲ ಆಗ್ಬಿಟ್ರು ಕಣೇ" ಎಂದು ಮಾತಾಡಿಕೊಂಡ ತಾಯಂದಿರು ಮಕ್ಕಳನ್ನು ಬೆತ್ತ ಹಿಡಿಯುವ ಇನ್ನೊಂದು ಟ್ಯೂಷನ್ನಿಗೆ ಸೇರಿಸಿದರು. ಎರಡು ವರ್ಷದಲ್ಲಿ ಚಾಪೆ ಖಾಲಿಯಾಯಿತು.

ಕಳೆದ ವರ್ಷ ಅವರು ಕಿಡ್ನಿ ಕೆಟ್ಟು ಮಲಗಿದಾಗ ಮಗಳನ್ನು ಕರೆದುಕೊಂಡು ನೋಡಲು ಹೋದೆ. "ಇವಳು ಓದ್ತಿರೋದು ನಿಮ್ಮಿಂದ, ಆಪಾ" ಎಂದೆ. ಅವರು ಮುಖ ತಿರುಗಿಸಿದರು.

"ನಿಮ್ಮನ್ನ ಬೈದಿದ್ದು ದಕ್ತು, ಅಷ್ಟೆ. ಆ ಮಗು ಏನ್ ಮಾಡ್ತಿದೆ ಅಂತ ಗೊತ್ತೇನ್ರೀ?"

ನನಗೆ ಗೊತ್ತಿರಲಿಲ್ಲ. ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ. ಅಷ್ಟರೊಳಗೆ ಆಪಾ ಹೋಗಿಬಿಟ್ಟರು.

ಮಣ್ಣು ಮಾಡಿದ ಮುಂದಿನ ಭಾನುವಾರ ಸಿಂಗಟಗೆರೆಗೆ ಹೋದೆ. ಹುಡುಗಿ ಹಟ್ಟಿಯ ಮುಂದೆ ಸಗಣಿ ಬಾಚುತ್ತಿದ್ದಳು. ಸ್ಕೂಲು ಬಿಟ್ಟು ವರ್ಷವಾಯಿತು ಎಂದು ಅಜ್ಜಿ ಹೇಳಿತು. ಬಲಗೈ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು.

"ಆಪಾ ತೀರ್ಕೊಂಡ್ರು ಕಣಮ್ಮ" ಎಂದೆ.

ಅವಳು ಕೆಲಸ ನಿಲ್ಲಿಸಲಿಲ್ಲ. "ಒಳ್ಳೇದಾಯ್ತು" ಎಂದಳು.

ನನ್ನ ಮಗಳಿಗೆ ಓದು ಕೊಟ್ಟವರು ಆಪಾ. ಅವರಿಗೆ ನಾನು ಬದುಕಿರುವವರೆಗೂ ಋಣಿ. ಆ ಕೈಯನ್ನು ನೋಡುತ್ತ ಅವರ ಪರವಾಗಿ ಒಂದು ಮಾತಾಡಲೂ ನನಗೆ ನಾಲಿಗೆ ಏಳಲಿಲ್ಲ.