ರೈಟ್ ಹೇಳುವ ಮೊದಲು

ಹನೂರು ರೂಟಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದ ನಮ್ಮ ಪಕ್ಕದ ಮನೆಯವರು ಮೊಬೈಲಿನ ಗನ್ ಆಟದ ಹುಚ್ಚು ಹಿಡಿಸಿಕೊಂಡು, ಅರವತ್ತು ದಾಟಿದ ಮೇಷ್ಟ್ರಾದ ನನ್ನನ್ನೂ ತಂಡಕ್ಕೆ ಎಳೆದರು. ಆಟದೊಳಗಿನ ಜೀಪು ಓಡಿಸುವುದು ಅವರೇ. ಹೊರಡುವ ಮುನ್ನ ಕನ್ನಡಕ ಹಣೆಗೇರಿಸಿ, "ಎಲ್ಲಾರೂ ಅತ್ಕಂಡ್ರಾ? ರೈಟ್" ಎನ್ನುವರು.

ಕೊಳ್ಳೇಗಾಲದಲ್ಲಿ ನಡೆದ ಈ ಆಟದ ಪಂದ್ಯದಲ್ಲಿ ಬೆರಳು ತಡವರಿಸಿ, ಆಟದೊಳಗಿನ ಗೋಡೆ ಹಾರಲಾಗದೆ ನಾನು ಹಿಂದುಳಿದೆ. ಆಟದಲ್ಲಿ ತಡಮಾಡಿದವರನ್ನು ಕೊಲ್ಲುವ ವಿಷದ ಹೊಗೆ ಸುತ್ತುವರಿಯುತ್ತಿತ್ತು.

"ಮೇಷ್ಟ್ರನ್ನ ಬುಟ್ಟು ನಡೀರಿ ಸಾ," ಎಂದ ನಮ್ಮ ತಂಡದವನೊಬ್ಬ.

"ಜನ ಓಡ್ಬತ್ತಾ ಇರುವಾಗ ಎಂಗ್ಲಾ ಬುಡದು?" ಎಂದರು ಕಂಡಕ್ಟರು.

ಜೀಪು ಕದಲಲಿಲ್ಲ. ನಾನು ಹತ್ತುವಷ್ಟರಲ್ಲಿ ಹೊಗೆ ಎಲ್ಲರನ್ನೂ ಮುಗಿಸಿತು.

ಇನ್ನು ನನ್ನನ್ನು ಆಟಕ್ಕೆ ಕರೆಯುವುದಿಲ್ಲವೆಂದುಕೊಂಡು ಫೋನು ಜೇಬಿಗಿಟ್ಟೆ. ಅವರು ಹೊಸ ಆಟ ತೆರೆದು ಕನ್ನಡಕ ಹಣೆಗೇರಿಸಿದರು.

"ಮೇಷ್ಟ್ರೇ, ಅತ್ಕಂಡ್ರಾ?"

ನಾನು ಹೂಂ ಎನ್ನುವ ತನಕ ಅವರು ರೈಟ್ ಹೇಳಲಿಲ್ಲ.